ಕಡಲಪಾಚಿಯ ನಾಲ್ಕು ಸಾಲು

ಮೇ 6
ಬೆಳಿಗ್ಗೆ ಮತ್ತೆ ಗೊಬ್ಬರದ ರಾಶಿಯನ್ನು ಮಗುಚಿದೆ. ಕಡಲಪಾಚಿ, ಹುಲ್ಲು, ಕೊಟ್ಟಿಗೆಗೊಬ್ಬರ. ಒಳಗೆ ಚೆನ್ನಾಗಿ ಕಾದಿದೆ, ಹಬೆ ಏಳುತ್ತಿದೆ. ಲಿಯಾನ್ಸ್ ಅಡುಗೆಮನೆಯ ಕಿಟಕಿ ದಡಾರನೆ ಮುಚ್ಚಿದ. ಗಂಡ ಎಂಬ ಪ್ರಾಣಿಗೆ ಡೀಸೆಲ್ ಪರಿಮಳ, ಇದು ಮಾತ್ರ ನಾತ.

ಪಾಚಿಗೊಬ್ಬರ ಹಾಕುತ್ತಿರುವುದು ಇದು ಮೂರನೆಯ ವರ್ಷ. ಮೇಲಿನ ಹೊಲದಲ್ಲಿ ಓದಿಲ್ ಎಂಬ ಈ ಹೆಂಡತಿಗೆ ಬಿಟ್ಟಿರುವುದು ಬರೀ ನಾಲ್ಕು ಸಾಲು. ಅವನ ಜೊತೆ ಒಪ್ಪಂದ ಇಷ್ಟು: ಈ ಸಲ ನನ್ನ ಆಲೂಗಡ್ಡೆ ಬೇರೆಯಾಗಿ ಅಗೆದು, ಪಕ್ಕದ ನಾಲ್ಕು ಸಾಲಿನ ಎದುರು ತೂಗಬೇಕು. ಹೆಚ್ಚು ಬಂದರೆ ಇಡೀ ಹೊಲಕ್ಕೆ ಪಾಚಿಗೊಬ್ಬರ. ಇಲ್ಲವಾದರೆ ಹೊಲ ಚಿಪ್ಸ್ ಕಂಪನಿಗೆ ಗೇಣಿಗೆ. "ಮಣ್ಣು ಸತ್ತೋಗಿದೆ ಕಣೆ" ಅನ್ನುತ್ತಾನೆ. ಮೂವತ್ತು ವರ್ಷ ಬರೀ ಚೀಲದ ರಾಸಾಯನಿಕ ಪುಡಿ ತಿನ್ನಿಸಿದರೆ ಇನ್ನೇನಾಗುತ್ತದೆ...

ಜೂನ್ 2
ಬಿತ್ತನೆ ಮುಗಿಯಿತು. ನನ್ನ ಸಾಲುಗಳ ಎರಡೂ ತುದಿಗೆ ಕೋಲು ನೆಟ್ಟು ಹಳದಿ ಬಟ್ಟೆ ಕಟ್ಟಿದೆ. ಮೈದುನ ಉರ್ಬೇನ್ ಟ್ರ್ಯಾಕ್ಟರ್ ಮೇಲಿಂದಲೇ ಕೂಗಿದ, "ಅತ್ತಿಗೆ, ಯಾರನ್ನ ಹೂತಿದ್ದೀರಿ ಅಲ್ಲಿ?"
"ನಿಮ್ಮಣ್ಣನ ಬುದ್ಧೀನ."

ಜುಲೈ 29, ಮಧ್ಯಾಹ್ನ
ಮಳೆ ಇಲ್ಲ. ನಮ್ಮ ಈ ದ್ವೀಪದ ಸುತ್ತ ಇಷ್ಟು ನೀರು, ಹೊಲಕ್ಕೆ ಹನಿ ಇಲ್ಲ. ಲಿಯಾನ್ಸ್‌ನ ಸಾಲುಗಳು ಬಾಡಿ ಮಲಗಿವೆ. ನನ್ನವು ನಿಂತಿವೆ. ಕೈಹಿಡಿದು ಕರೆದೊಯ್ದು ತೋರಿಸಿದೆ.
"ಅಲ್ಲಿ ಕೆಳಗೆ ಒರತೆ ಇರ್ಬೇಕು" ಅಂದ.
ಒರತೆಯಂತೆ! ಸರಿಯಾಗಿ ನಾಲ್ಕೇ ಸಾಲಿನ ಅಗಲದ ಒರತೆ!

ಅಕ್ಟೋಬರ್ 9
ಹಲ್ಲು ಕೀಳಿಸಲು ಪೇಟೆಗೆ ಹೋಗಿದ್ದೆ. ಬರುವಷ್ಟರಲ್ಲಿ ಹೊಲ ಖಾಲಿ. ಎಲ್ಲ ಅಗೆದು ಒಂದೇ ಟ್ರಕ್ಕಿಗೆ ಸುರಿದಿದ್ದಾರೆ. ನನ್ನದೂ ಅವನದೂ ಒಂದೇ ಗುಡ್ಡೆ. ಕೋಲುಗಳು ಬೇಲಿಯ ಪಕ್ಕ ಬಿದ್ದಿವೆ.

ಉರ್ಬೇನ್ ಟೋಪಿ ತೆಗೆದು ತಲೆ ಕೆರೆದ. "ಮಳೆ ಬರೋ ಹಾಗಿತ್ತು ಅತ್ತಿಗೆ. ನಂಗ್ಯಾರೂ ಹೇಳ್ಲಿಲ್ಲ."
ಹೇಳಬೇಕಾದವನು ಪಕ್ಕದಲ್ಲೇ ನಿಂತು ಬೂಟಿನ ಮಣ್ಣು ಕೆರೆಯುತ್ತಿದ್ದ.
"ಓದಿಲ್, ಮರ್ತೇಹೋಯ್ತು ಕಣೆ."
ಬಾಯಿ ತುಂಬ ಹತ್ತಿ. ಬೈಯಲಿಕ್ಕೂ ಆಗಲಿಲ್ಲ.

ಅಕ್ಟೋಬರ್ 10
ಕೋಲುಗಳನ್ನು ಹೆಕ್ಕಿ ಮತ್ತೆ ನನ್ನ ಸಾಲುಗಳ ತುದಿಗೆ ನೆಟ್ಟೆ.

ಅಕ್ಟೋಬರ್ 18
ರಾತ್ರಿಯೆಲ್ಲ ಜಡಿಮಳೆ. ಲಿಯಾನ್ಸ್‌ನ ಭಾಗದಲ್ಲಿ ಕೊರಕಲು ಬಿದ್ದು ಕೆಂಪು ಮಣ್ಣು ರಸ್ತೆಗೆ ಇಳಿದಿದೆ. ನನ್ನ ಪಟ್ಟಿ ನೀರೆಲ್ಲ ಕುಡಿದು ಸುಮ್ಮನಿದೆ. ಒಂದು ಹಿಡಿ ತೆಗೆದು ಅವನ ಅಂಗೈಗೆ ಹಾಕಿದೆ. ಹಿಸುಕಿದ. ಕೇಕಿನ ಹಾಗೆ ಉದುರಿತು, ಎರೆಹುಳು ಹೊರಳಿತು. ಅದನ್ನು ಮೆಲ್ಲಗೆ ನನ್ನ ಪಟ್ಟಿಗೇ ಬಿಟ್ಟ.
"ಇಲ್ಲಿ ಇಳಿಜಾರು ಸ್ವಲ್ಪ ಕಮ್ಮಿ" ಅಂದ.
ಮನೆವರೆಗೂ ಅವನಿಗಿಂತ ಮುಂದೆ ನಡೆದೆ. ಚಿಪ್ಸ್ ಕಂಪನಿಯವರು ಫೋನ್ ಮಾಡಿದ್ದರಂತೆ. ಏನು ಹೇಳಿದ ಎಂದು ಕೇಳಲಿಲ್ಲ.

ನವೆಂಬರ್ 3
ಚರ್ಚ್ ಹಾಲಿನಲ್ಲಿ ಊಟ. ಮೀನಿನ ಸೂಪು ಬಡಿಸುತ್ತಿದ್ದೆ. ಬೆನ್ನ ಹಿಂದೆ ಲಿಯಾನ್ಸ್‌ನ ದನಿ, ಪಕ್ಕದ ಹೊಲದ ಪ್ಲಾಸಿಡ್‌ಗೆ ಪಾಠ ಹೇಳುತ್ತಿದ್ದಾನೆ: "ಗೇಣಿಗೆ ಯಾಕಪ್ಪಾ ಕೊಡ್ಲಿ? ಹೊಲಕ್ಕೆ ಕಡಲಪಾಚಿ ಹಾಕ್ಬೇಕು ಕಣೋ. ಮಳೇಲಿ ಉಪ್ಪು ತೊಳ್ಕೊಂಡು ಹೋಗೋಕೆ ಬಿಡು, ಆಮೇಲೆ ಹುಲ್ಲಿನ ಜೊತೆ ಕೊಳೆಸು. ನಾವು ಮೂರು ವರ್ಷದಿಂದ ಹಾಕ್ತಿದ್ದೀವಿ."

ನಾವು!

ಸೌಟು ಕೈಯಲ್ಲೇ ನಿಂತಿತು. ಹೊಲ ಉಳಿಯಿತು ಎಂದು ಖುಷಿ ಪಡಲೋ, ಸೂಪನ್ನು ಅವನ ತಲೆಗೇ ಸುರಿಯಲೋ. ನಾನು ಹಿಂದೆಯೇ ಇದ್ದೇನೆಂದು ಗೊತ್ತಾದ ಮೇಲೂ ತಿರುಗಲಿಲ್ಲ. ಕಿವಿ ಮಾತ್ರ ಕೆಂಪಾಗಿತ್ತು.

ನವೆಂಬರ್ 8, ಬೆಳಿಗ್ಗೆ
ಬಿರುಗಾಳಿ ನಿಂತಿದೆ. ದಡದ ತುಂಬ ಪಾಚಿ ಬಿದ್ದಿದೆಯಂತೆ. ಲಿಯಾನ್ಸ್ ಕತ್ತಲಲ್ಲೇ ಎದ್ದು ಟ್ರಕ್ಕಿಗೆ ಪಾಚಿ ಎತ್ತುವ ಎರಡು ಕವಲುಗೋಲು ಹಾಕಿದ್ದಾನೆ. ಅಂಗಳದಲ್ಲಿ ಹಾರ್ನ್.
"ಓದಿಲ್, ಬೇಗ ಬಾರೆ! ಪ್ಲಾಸಿಡ್ ಆಗ್ಲೇ ದಡಕ್ಕೆ ಇಳ್ದಿದ್ದಾನೆ, ಒಳ್ಳೇದೆಲ್ಲ ಅವನೇ ಬಾಚ್ಕೋತಾನೆ!"

ಮೂರು ವರ್ಷ ಪಾಚಿ ಒಬ್ಬಳೇ ಹೊತ್ತೆ. ಬರುವುದಿಲ್ಲ ಅನ್ನಬೇಕು. ಮೊದಲು ತಪ್ಪು ಒಪ್ಪಿಕೋ, ಆಮೇಲೆ ನೋಡೋಣ ಅನ್ನಬೇಕು.

ಮತ್ತೆ ಹಾರ್ನ್. ಒಂದು ಕಾಲಿಗೆ ಬೂಟು ಏರಿಸಿಕೊಂಡೇ ಬರೆಯುತ್ತಿದ್ದೇನೆ. ಹೋದರೂ ಮಾತಾಡುವುದಿಲ್ಲ. ಒಂದೇ ಒಂದು ಮಾತು ಆಡುತ್ತೇನೆ, ಪ್ಲಾಸಿಡ್‌ನ ಎದುರಿಗೇ, ಜೋರಾಗಿ: "ನಾವಲ್ಲ, ನಾನು" —