ಪಟೇಲರ ಮನೆಯ ಬಡ ಹುಡುಗ

ಆಗಸ್ಟ್ 5, 2015, ಬುಧವಾರ

ನೀರಿನ ಟ್ಯಾಂಕರು ಇವತ್ತೂ ತಡ. ಡ್ರೈವರನನ್ನು ನಿಲ್ಲಿಸಿ ಬೈದೆ. ಮೂರನೇ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿಯರು ಸ್ನಾನವಿಲ್ಲದೆ ಆಫೀಸಿಗೆ ಹೋದರಂತೆ. ವರ್ತೂರು ಕೆರೆ ಕಣ್ಣೆದುರಿಗೇ ಇದೆ, ನೊರೆ ಕಾರಿಕೊಂಡು. ಮುಟ್ಟುವ ಹಾಗಿಲ್ಲ.

ಹತ್ತು ಗಂಟೆಗೆ ರಮಣ ಬಂದ. ಕಾಲಿಗೆ ಬಿದ್ದ. ಪಾರ್ಟಿಯವರು ಕಾರ್ಪೊರೇಷನ್ ಟಿಕೆಟ್ ಕೊಟ್ಟಿದ್ದಾರೆ. ಬಿ ಫಾರಂ ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿದೆ. ಮಗನಿಗೆ ಐವತ್ತೆರಡು ವರ್ಷ. ಎರಡು ಲೇಔಟು, ಒಂದು ಅಪಾರ್ಟ್‌ಮೆಂಟು ಕಟ್ಟಿಸಿದವನು. ಇದೊಂದು ಆಸೆ ಬಾಕಿ ಉಳಿದಿತ್ತು.

ನಮ್ಮ ಮಾವನವರು ಪಟೇಲಿಕೆ ಮಾಡಿದವರು. ಯಾರ ಬಾಗಿಲಿಗೂ ಹೋಗಿ ಕೈಮುಗಿದವರಲ್ಲ. ಇವನು ಮನೆಮನೆಗೂ ಹೋಗಿ ಮುಗಿಯಬೇಕು. ಕಾಲ ಹಾಗಿದೆ. ಗೆಲ್ಲಲಿ.

ಆಗಸ್ಟ್ 9, ಭಾನುವಾರ

ರಮಣ ಪ್ರಚಾರಕ್ಕೆಂದು ಪರಮಾನಂದ ಎಂಬವನನ್ನು ಇಟ್ಟುಕೊಂಡಿದ್ದಾನೆ. ಹುಬ್ಬಳ್ಳಿ ಕಡೆಯವನು. ಮಾತು ಬಲು ಮೆತ್ತಗೆ. ರಮಣನ ಚಿಕ್ಕಂದಿನ ಫೋಟೋ ಬೇಕು ಅಂದ. ಬೀರುವಿನಿಂದ ಆಲ್ಬಂ ತೆಗೆದುಕೊಟ್ಟೆ. ಮೂರು ವರ್ಷದ ರಮಣ, ಸೊಂಟದಲ್ಲಿ ಬೆಳ್ಳಿ ಉಡಿದಾರ, ಕಾಲಿಗೆ ಬೂಟು, ಅವರಪ್ಪನ ಮೋಟಾರ್ ಸೈಕಲ್ಲಿನ ಟ್ಯಾಂಕಿನ ಮೇಲೆ ಕೂತಿದ್ದಾನೆ. ಸಿಟಿಯಿಂದ ಸ್ಟುಡಿಯೋದವನನ್ನು ಕರೆಸಿ ತೆಗೆಸಿದ್ದು.

ಪರಮಾನಂದ ಒಂದೊಂದೇ ಹಾಳೆ ತಿರುಗಿಸಿದ. ಮುಖ ಸಪ್ಪಗಾಯಿತು.

"ಇವು ಬ್ಯಾಡ್ರಿ ಅವ್ವಾರ. ಬರಿಗಾಲಿಂದು ಒಂದೂ ಇಲ್ಲೇನ್ರಿ?"

"ನನ್ನ ಮಗ ಯಾವತ್ತೂ ಬರಿಗಾಲಲ್ಲಿ ಓಡಾಡಿಲ್ಲ."

"ಓಡಾಡಿದ್ರ ಛಲೋ ಇತ್ತು ನೋಡ್ರಿ" ಎಂದು ನಿಟ್ಟುಸಿರು ಬಿಟ್ಟ.

ಮೊಮ್ಮಗಳು ಪ್ರಿಯಾಂಕಾ ಬಿದ್ದು ಬಿದ್ದು ನಕ್ಕಳು. ಎಂಬಿಎ ಮಾಡಿದವಳು, ಅಪ್ಪನ ಫೇಸ್‌ಬುಕ್ಕು ವಾಟ್ಸಾಪು ಎಲ್ಲ ಅವಳದೇ ಕೈಯಲ್ಲಿ. "ಅಜ್ಜಿ, ಜನಕ್ಕೆ ಸ್ಟ್ರಗಲ್ ಬೇಕು. ಬೆಳ್ಳಿ ಉಡಿದಾರ ನೋಡಿ ಯಾರೂ ವೋಟ್ ಹಾಕಲ್ಲ."

ಆಲ್ಬಂ ಕಿತ್ತುಕೊಂಡು ಬೀರುವಿಗೆ ಬೀಗ ಹಾಕಿದೆ.

ಆಗಸ್ಟ್ 12, ಬುಧವಾರ

ಪಾಂಪ್ಲೆಟ್ಟು ಬಂದಿದೆ. ಹಾಲಿನ ಪ್ಯಾಕೆಟ್ಟಿನ ಜೊತೆ ಬಾಗಿಲಲ್ಲಿ ಬಿದ್ದಿತ್ತು. ಮುಂದಿನ ಪುಟದಲ್ಲಿ ರಮಣ ಕೈಮುಗಿದು ನಿಂತಿದ್ದಾನೆ. ಹಿಂದೆ ನಾಡಹೆಂಚಿನ ಮಣ್ಣಿನ ಮನೆ, ಗೋಡೆ ಒಂದು ಕಡೆ ಕುಸಿದಿದೆ. ಕೆಳಗೆ ದಪ್ಪಕ್ಷರ: 'ನಮ್ಮ ನಾಯಕರು ಹುಟ್ಟಿ ಬೆಳೆದ ಮನೆ.'

ಮನೆ ಗುರುತು ಹತ್ತಿತು. ಊರಾಚೆಯ ಕಾಲೋನಿಯ ಚಿಕ್ಕಮುನಿಯಮ್ಮನ ಹಳೇ ಮನೆ ಅದು. ಈಗ ಅದರಲ್ಲಿ ಅವಳು ಸೌದೆ ಇಡುತ್ತಾಳೆ. ನಾನು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಮುಪ್ಪು ಬರುವವರೆಗೂ ನಮ್ಮ ಹೊಲದಲ್ಲಿ, ಹಿತ್ತಿಲಲ್ಲಿ ಗೇಯ್ದವಳು.

ರಮಣ ಹುಟ್ಟಿದ್ದು ನಮ್ಮ ತೊಟ್ಟಿಮನೆಯಲ್ಲಿ. ಹನ್ನೆರಡು ಕಂಬದ ಮನೆ. ಅದನ್ನು ಕೆಡವಿಸಿದವನೂ ಅವನೇ. ಅಲ್ಲಿ ಈಗ ಎಂಟು ಮಹಡಿ, ಈಜುಕೊಳ. ಹುಟ್ಟಿದ ಮನೆಯನ್ನು ತೋರಿಸು ಅಂದರೆ ಎಲ್ಲಿಂದ ತೋರಿಸಿಯಾನು… ಹಾಗಂತ ಇನ್ನೊಬ್ಬರ ಮನೆಯೇ?

ಅದೇ ದಿನ, ಮಧ್ಯಾಹ್ನ

ಪ್ರಿಯಾಂಕಾ ಫೋನಿನಲ್ಲಿ ಭಾಷಣ ತೋರಿಸಿದಳು. ನಿನ್ನೆ ಪಟ್ಟಂದೂರು ಅಗ್ರಹಾರದ ಹತ್ತಿರ, ಬಾಡಿಗೆ ರೂಮಿನ ಕೂಲಿ ಜನರ ಮುಂದೆ ಮಾಡಿದ್ದು. ಬಹಳ ಚೆನ್ನಾಗಿ ಮಾತಾಡುತ್ತಾನೆ. ಗಂಟಲು ಕಟ್ಟಿಸಿಕೊಂಡು ಹೇಳುತ್ತಾನೆ: "ಹಸಿವು ಅಂದ್ರೆ ಏನು ಅಂತ ನಂಗೊತ್ತು. ಸೂರಿನ ಸಂದೀಲಿ ಸಿಕ್ಸಿದ್ದ ನನ್ ತಟ್ಟೆ ಎತ್ಕೊಂಡು ಪಟೇಲರ ಮನೆ ಹಿತ್ಲಲ್ಲಿ ಕಾಯ್ತಾ ಕೂತಿರ್ತಿದ್ದೆ. ಅವರು ಉಂಡ್ ಮೇಲೆ ನಂಗೆ."

ಜನ ಅತ್ತರು.

ನಾನು ಫೋನನ್ನು ಮಂಚದ ಮೇಲೆ ಹಾಕಿದೆ.

ಸೂರಿನ ತಟ್ಟೆ ಯಾರದ್ದು ಎಂದು ಇವನಿಗೆ ಗೊತ್ತಿಲ್ಲವೇ? ಕಾಲೋನಿಯ ಆಳುಗಳ ತಟ್ಟೆ ಮನೆಯೊಳಗೆ ಬರುವಂತಿರಲಿಲ್ಲ. ಹಿತ್ತಿಲ ಸೂರಿಗೆ ಸಿಕ್ಕಿಸಿರುತ್ತಿದ್ದರು. ಅವರೇ ತೆಗೆದುಕೊಳ್ಳಬೇಕು. ನಾವು ಮೇಲಿಂದ ಹಾಕಬೇಕು. ಅವರೇ ತೊಳೆದು ಅಲ್ಲೇ ಸಿಕ್ಕಿಸಬೇಕು. ಅಂದಿನ ರೀತಿ ಅದು. ಇವನು ಹುಡುಗನಾಗಿದ್ದಾಗ ಕಿಟಕಿಯಿಂದ ನೋಡಿದ್ದಾನೆ. ಅದು ಬಡತನದ ತಟ್ಟೆ ಅಂದುಕೊಂಡಿದ್ದಾನೆ. ಅದು ಬಡತನದ್ದಲ್ಲ. ಬಡವರು ನಮ್ಮ ಕುಲದಲ್ಲೂ ಇದ್ದರು, ಅವರಿಗೆ ನಡುಮನೆಯಲ್ಲೇ ಎಲೆ ಹಾಕುತ್ತಿದ್ದೆವು.

ಅಲ್ಲಿ ತಟ್ಟೆ ಹಿಡಿದು ಕಾಯುತ್ತಿದ್ದ ಹುಡುಗ ಮುನೀಂದ್ರ. ಚಿಕ್ಕಮುನಿಯಮ್ಮನ ಮಗ. ರಮಣನದೇ ವಯಸ್ಸು, ಒಂದೇ ಶಾಲೆ.

ಆಗಸ್ಟ್ 13, ಗುರುವಾರ

ಮೈದುನ ದೊಡ್ಡಮುನಿಯಪ್ಪ ಬೆಳಗಾಗುತ್ತಲೇ ಬಂದ. ಕೋಲು ಕುಟ್ಟಿದ ರಭಸಕ್ಕೆ ನೆಲದ ಗ್ರಾನೈಟು ಒಡೆಯಬೇಕಿತ್ತು.

"ಅತ್ಗೆ, ನಿನ್ ಮಗ ನಮ್ಮನ್ನ ಯಾವ ಬೀದಿಗ್ ಸೇರಿಸ್ದ? ಸೂರಿನ್ ತಟ್ಟೇಲಿ ಉಂಡ್ನಂತೆ! ನಾಳೆ ನನ್ ಮೊಮ್ಮಗಳ್ಗೆ ಗಂಡು ನೋಡೋರು ಏನ್ ಕೇಳ್ತಾರೆ?"

"ಅವನನ್ನೇ ಕೇಳು."

"ಕೇಳ್ದೆ. ಚಿಕ್ಕಪ್ಪಾ, ಎಲೆಕ್ಷನ್ ಮುಗೀಲಿ ಅಂದ. ಆಮೇಲೆ ನಮ್ ಕುಲ ವಾಪಸ್ ಕೊಡ್ತಾನಂತಾ?"

ಅವನಿಗೆ ಹೊತ್ತಿದ್ದು ಕುಲದ ಉರಿ. ನನ್ನದು ಬೇರೆ. ನನ್ನ ಮಗ ನನ್ನ ಹಿತ್ತಿಲಲ್ಲಿ ಹಸಿದು ಕೂತಿದ್ದನಂತೆ. ಅಷ್ಟು ಜನರ ಮುಂದೆ ಹೇಳಿದ್ದಾನೆ. ತಾಯಿಗೆ ಇದಕ್ಕಿಂತ ದೊಡ್ಡ ಬೈಗುಳ ಯಾವುದಿದೆ?

ಆಗಸ್ಟ್ 14, ಶುಕ್ರವಾರ

ರಮಣನನ್ನು ಕೂರಿಸಿ ಕೇಳಿದೆ.

"ನಾನು ನಿನ್ನ ಉಪವಾಸ ಕೆಡವಿ ಬೆಳೆಸಿದೆನೇನೋ?"

"ಅಯ್ಯೋ ಅಮ್ಮ, ಅದು ನಿನ್ ಮೇಲಲ್ಲ. ಭಾಷಣ ಅಷ್ಟೇ. ಆ ಕಡೆ ಕ್ಯಾಂಡಿಡೇಟ್ ಪೇಪರ್ ಹಾಕ್ಕೊಂಡು ಓದ್ದೆ ಅಂತಾನೆ. ಅವರಪ್ಪಂಗೆ ಎರಡು ಕಲ್ಯಾಣ ಮಂಟಪ ಇತ್ತು! ಯಾರಾದ್ರೂ ಕೇಳಿದ್ರಾ?"

"ಊರಿನವರಿಗೆ ಗೊತ್ತಿಲ್ಲವಾ?"

"ಊರಿನೋರು ಎಷ್ಟ್ ಜನ ಉಳಿದಿದಾರೆ ಹೇಳು? ವಾರ್ಡೆಲ್ಲಾ ಹೊರಗಿನೋರು. ಅಪಾರ್ಟ್‌ಮೆಂಟ್‌ನೋರು, ರಾಯಚೂರಿನ ಕಡೆಯೋರು. ಅವರಿಗೆ ಪಟೇಲರ ಮನೆ ಎಲ್ಲಿತ್ತು ಅಂತಾನೂ ಗೊತ್ತಿಲ್ಲ. ಅಮ್ಮ, ನೀನು ಭಾನುವಾರ ಸ್ಟೇಜಿಗೆ ಬರ್ಬೇಕು. ಒಂದೇ ಮಾತು. ನನ್ ಮಗ ಹಸಿವು ಕಂಡೋನು ಅನ್ನು, ಸಾಕು."

ಬರುತ್ತೇನೆ ಎಂದಷ್ಟೇ ಹೇಳಿದೆ. ಅವನು ಒಪ್ಪಿಕೊಂಡೆ ಅಂದುಕೊಂಡ.

ಅವನು ಸೋಲಲಿ ಎಂದು ನನಗಿಲ್ಲ. ಮೂರು ಹರಕೆ ಹೊತ್ತಿದ್ದೇನೆ ಗೆಲ್ಲಲೆಂದು. ಆದರೆ ಆ ಮಾತು ನನ್ನ ಬಾಯಿಂದ ಬರುವುದಿಲ್ಲ.

ಆಗಸ್ಟ್ 16, ಭಾನುವಾರ, ರಾತ್ರಿ ಊಟಕ್ಕೆ ಮುಂಚೆ

ಪರಮಾನಂದ ಹಳೇ ನೂಲಿನ ಸೀರೆ ಹಿಡಿದುಕೊಂಡು ಬಂದಿದ್ದ. ಎಲ್ಲಿಂದ ತಂದನೋ. ನಾನು ಮೊಳಕಾಲ್ಮೂರು ರೇಷ್ಮೆ ಉಟ್ಟೆ. ಸರ, ಬಳೆ, ಏನಿದೆಯೋ ಎಲ್ಲ ಹಾಕಿಕೊಂಡೆ. ಪಟೇಲರ ಸೊಸೆ ವೇದಿಕೆ ಹತ್ತುವುದು ಹೀಗೇ.

ಶಾಲೆಯ ಮೈದಾನ ತುಂಬಿತ್ತು. ರಮಣ ಮೈಕು ಕೊಟ್ಟ. ಹೇಳಿದೆ:

"ನನ್ನ ಮಗ ಒಂದು ದಿನವೂ ಹಸಿದು ಮಲಗಿದವನಲ್ಲ. ಮಲಗಲು ನಾನು ಬಿಟ್ಟಿಲ್ಲ."

ರಮಣನ ಮುಖ ಬಿಳುಚಿತು.

ಆಮೇಲೆ ಶಿಳ್ಳೆ. ಚಪ್ಪಾಳೆ. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಪರಮಾನಂದ ಇನ್ನೊಂದು ಮೈಕು ಹಿಡಿದು ಕೂಗಿದ: "ಕೇಳಿದ್ರಾ! ತಾನು ಉಪವಾಸ ಇದ್ದು ಮಗನಿಗೆ ಉಣಿಸಿದ ಮಹಾತಾಯಿ! ಆ ತಾಯಿಗೆ ಇವತ್ತು ರೇಷ್ಮೆ ಸೀರೆ ಉಡಿಸಿದ ಮಗ!"

ಹಾಗಲ್ಲ ಎಂದೆ. ನನ್ನ ಮೈಕು ಆಗಲೇ ಬಂದ್ ಆಗಿತ್ತು. ಹೂವಿನ ಹಾರ ಬಂತು.

ಆಗಸ್ಟ್ 17, ಸೋಮವಾರ

ಪೇಪರಿನಲ್ಲಿ ಬಂದಿದೆ. 'ಹಸಿದ ಒಡಲು, ಉಣಿಸಿದ ಕೈ.' ನನ್ನ ಫೋಟೋ.

ಎದುರಿನ ಅಪಾರ್ಟ್‌ಮೆಂಟಿನ ನಾಲ್ಕು ಹೆಂಗಸರು ಬಂದು ಕಾಲು ಮುಟ್ಟಿದರು. ಒಬ್ಬಳು "ಆಂಟಿ, ಯು ಆರ್ ಸೋ ಇನ್‌ಸ್ಪೈರಿಂಗ್" ಅಂದಳು. ನಾನು ಅಂದೆ, ನಮಗೆ ನಲವತ್ತು ಎಕರೆ ಇತ್ತಮ್ಮ, ನಾನು ಒಂದು ಹೊತ್ತೂ ಉಪವಾಸ ಮಾಡಿದವಳಲ್ಲ, ಏಕಾದಶಿ ಬಿಟ್ಟು. ಅವರು ನಕ್ಕರು. ಎಷ್ಟು ಸರಳ ನೋಡಿ, ಕಷ್ಟ ಹೇಳಿಕೊಳ್ಳುವುದೇ ಇಲ್ಲ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು.

ನಿಜ ಹೇಳಿದರೂ ಅದು ಅವನ ಕಣಜಕ್ಕೇ ಹೋಗಿ ಬೀಳುತ್ತಿದೆ.

ರಮಣ ಖುಷಿಯಲ್ಲಿದ್ದಾನೆ. "ಅಮ್ಮ, ನಾನು ಬರೆಸಿದ್ದಕ್ಕಿಂತ ನೀನು ಹೇಳಿದ್ದೇ ಸಕ್ಕತ್ ವರ್ಕ್ ಆಯ್ತು." ಬುಧವಾರ ಟಿವಿಯವರು ಮನೆಗೇ ಬರುತ್ತಾರಂತೆ. ಅರ್ಧ ಗಂಟೆಯ ಕಾರ್ಯಕ್ರಮ. ನೇರ ಪ್ರಸಾರ.

ನೇರ ಪ್ರಸಾರ ಅಂದರೆ ನಡುವೆ ಮೈಕು ಬಂದ್ ಮಾಡುವುದು ಸುಲಭವಲ್ಲ. ಈ ಸಲ ಅರ್ಧ ಹೇಳಬಾರದು. ತಟ್ಟೆ ಯಾರದ್ದೆಂದು ಹೆಸರು ಹಿಡಿದು ಹೇಳಬೇಕು.

ಆಗಸ್ಟ್ 18, ಮಂಗಳವಾರ

ಕಾಲೋನಿಗೆ ಹೋಗಿದ್ದೆ. ಕಾರು ಬೇಡವೆಂದು ನಡೆದೇ ಹೋದೆ. ಈ ಊರಿಗೆ ಸೊಸೆಯಾಗಿ ಬಂದಮೇಲೆ ಆ ಬೀದಿಗೆ ಕಾಲಿಟ್ಟಿದ್ದು ಇದೇ ಮೊದಲು. ಏನಿದ್ದರೂ ಅವರೇ ಬರುತ್ತಿದ್ದರು.

ಚಿಕ್ಕಮುನಿಯಮ್ಮ ಬಿಸಿಲಲ್ಲಿ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದಳು. ಎದ್ದು ನಿಂತಳು. ಪ್ಲಾಸ್ಟಿಕ್ ಕುರ್ಚಿ ತಂದು ಅಂಗಳದಲ್ಲಿ ಹಾಕಿದಳು. ಒಳಗೆ ಬನ್ನಿ ಅನ್ನಲಿಲ್ಲ. ಅಂಗಳದಲ್ಲೇ ಕೂತೆ.

ಮುನೀಂದ್ರ ಜಗಲಿಯ ಮೇಲಿದ್ದ. ಸಾಫ್ಟ್‌ವೇರ್ ಕಂಪನಿಯ ಬಸ್ಸು ಓಡಿಸುತ್ತಾನೆ. ತಲೆ ಪೂರಾ ಬೆಳ್ಳಗಾಗಿದೆ.

"ರಮಣಣ್ಣ ಮನೆ ತಗೊಂಡ್ರು, ತಟ್ಟೆ ತಗೊಂಡ್ರು" ಅಂದ. "ಜಾತಿ ಸರ್ಟಿಫಿಕೇಟ್ ಒಂದ್ ಬಾಕಿ ಐತೆ ನೋಡಿ. ಅದೂ ಬೇಕಾ ಕೇಳ್ಕೊಂಡ್ ಬನ್ನಿ ಅಂದ್ರಾ?"

"ಸುಮ್ಕಿರ್ಲಾ" ಅಂದಳು ಅವಳು. ಆದರೆ ಬೈಯಲಿಲ್ಲ.

ಬಂದ ಕಾರಣ ಹೇಳಿದೆ. ನಾಳೆ ಟಿವಿಯವರು ಬರುತ್ತಾರೆ. ಆ ಹಸಿವು ರಮಣನದಲ್ಲ, ನಿನ್ನ ಮಗನದು ಎಂದು ನಾನೇ ಹೇಳುತ್ತೇನೆ. ಅವಳು ಸಂತೋಷಪಡುತ್ತಾಳೆ ಎಂದುಕೊಂಡು ಹೋಗಿದ್ದೆ. ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಹಾಗೇ ಅಂದುಕೊಂಡಿದ್ದೆ.

ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಬ್ಯಾಡಿ ಅಮ್ಮಾರೆ."

"ಯಾಕೆ ಮುನಿಯಮ್ಮ? ನಿಜ ತಾನೆ?"

"ನಿಜಾನೇ. ಅದ್ಕೇ ಬ್ಯಾಡ ಅಂದೆ. ನಮ್ ಅಸಿವ್ನ ನಿಮ್ ಮಗನೂ ಏಳೋದ್ ಬ್ಯಾಡ, ನೀವೂ ಏಳೋದ್ ಬ್ಯಾಡ. ಏಳೋ ಅಂಗಿದ್ರೆ ನನ್ ಮಗ ಏಳ್ತಾನೆ, ಅವ್ನಿಗೂ ಬಾಯೈತೆ. ನಿಮ್ ಮನೇಲಿ ಏನಿತ್ತೋ ಅದ್ನ ನೀವ್ ಏಳಿ."

"ನಮ್ಮ ಮನೆಯಲ್ಲಿ ಏನಿತ್ತು?"

ಆಗ ತಲೆಯೆತ್ತಿ ನೋಡಿದಳು. "ಅದ್ನೂ ನಾನೇ ಏಳ್ಬೇಕಾ ಅಮ್ಮಾರೆ?"

ಎದ್ದು ಬಂದೆ. ಯಾರಿಂದಲೂ ಇಂಥ ಮಾತು ಕೇಳಿದವಳಲ್ಲ ನಾನು. ದಾರಿಯುದ್ದಕ್ಕೂ ಸಿಟ್ಟು. ಮನೆ ಸೇರುವ ಹೊತ್ತಿಗೆ ಸಿಟ್ಟು ಇರಲಿಲ್ಲ. ಬೇರೇನೋ ಇತ್ತು, ಅದಕ್ಕೆ ಹೆಸರು ಗೊತ್ತಿಲ್ಲ.

ಆಗಸ್ಟ್ 19, ಬುಧವಾರ, ಬೆಳಿಗ್ಗೆ 10

ಕೆಳಗೆ ಹಾಲ್‌ನಲ್ಲಿ ಟಿವಿಯವರು ಲೈಟು ಹಾಕುತ್ತಿದ್ದಾರೆ. ಸೋಫಾ ತೆಗೆಸಿ ಚಾಪೆ ಹಾಸಿದ್ದಾರಂತೆ.

ರಮಣ ಮೇಲೆ ಬಂದು ಬಾಗಿಲು ಹಾಕಿಕೊಂಡ. ನಿನ್ನೆ ಎಲ್ಲಿಗೆ ಹೋಗಿದ್ದೆ ಎಂದು ಅವನಿಗೆ ಗೊತ್ತಾಗಿದೆ.

"ಅಮ್ಮ, ಏನ್ ಹೇಳ್ತೀಯ?"

"ಇತ್ತು ಅಂತ ಹೇಳ್ತೀನಿ."

"ಏನಿತ್ತು?"

"ಎಲ್ಲಾ. ಕಣಜದ ತುಂಬಾ ರಾಗಿ, ಕೊಟ್ಟಿಗೆ ತುಂಬಾ ಹಸು. ಉಗ್ರಾಣದ ಬೀಗದ ಕೈ ನನ್ನ ಸೊಂಟದಲ್ಲಿ. ಇತ್ತು ಅನ್ನೋಕೆ ನಿನಗೆ ಯಾಕೋ ಇಷ್ಟು ನಾಚಿಕೆ?"

"ಇತ್ತು ಅಂದ್ರೆ ಸೋಲ್ತೀನಮ್ಮ." ಕುರ್ಚಿಯ ಮೇಲೆ ಕುಸಿದ. "ಇತ್ತು ಅಂದ್ರೆ ಮುಂದಿನ ಪ್ರಶ್ನೆ ಕೇಳ್ತಾರೆ. ಯಾರಿಗಿತ್ತು, ಯಾರಿಗಿರ್ಲಿಲ್ಲ, ಯಾಕಿರ್ಲಿಲ್ಲ ಅಂತ. ಇಲ್ಲ ಅಂದ್ರೆ ಯಾರೂ ಏನೂ ಕೇಳಲ್ಲ."

ದಡ್ಡನಲ್ಲ ನನ್ನ ಮಗ. ನಾನು ತಿಳಿದಿದ್ದೆ ಅವನಿಗೆ ಏನೂ ಗೊತ್ತಿಲ್ಲವೆಂದು.

ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅಂದ. ರೊಟ್ಟಿ ಮಾಡಿಸುತ್ತೇನೆ, ತಿಂದು ಇಳಿ ಅಂದೆ. ಬೇಡ ಎಂದು ತಲೆಯಾಡಿಸಿದ. ಇನ್ನೂ ಇಲ್ಲೇ ಕೂತಿದ್ದಾನೆ. ನಾನು ಬರೆಯುವುದನ್ನು ನೋಡುತ್ತಿದ್ದಾನೆ. ಎದ್ದು ಹೋಗು ಎನ್ನಲು ಮನಸ್ಸಾಗುತ್ತಿಲ್ಲ.

ಪ್ರಿಯಾಂಕಾ ಕೆಳಗಿನಿಂದ ಕೂಗುತ್ತಿದ್ದಾಳೆ. ಐದು ನಿಮಿಷವಂತೆ.

ಕ್ಯಾಮೆರಾ ಮುಂದೆ ಮಾತು ತಪ್ಪಬಾರದೆಂದು ಇಲ್ಲೇ ಬರೆದುಕೊಳ್ಳುತ್ತೇನೆ. ಎರಡೇ ಮಾತು, ಹೆಚ್ಚು ಬೇಡ. ಮೊದಲನೆಯದು: ನಮ್ಮ ಮನೆಯಲ್ಲಿ ಎಲ್ಲವೂ ಇತ್ತು. ಎರಡನೆಯದು: ಅಷ್ಟೆಲ್ಲ ಇದ್ದೂ, ಹಿತ್ತಿಲಲ್ಲಿ ತಟ್ಟೆ ಹಿಡಿಸಿ ಕಾಯಿಸಿದ್ದು ನಾನು —