ಮಂಚದ ಕಾಲಿಗೆ ತಾಗಿಸಿಡು

ಪುಟ್ಟೀ,

ಅಂಗಡಿಗೆ ಇವತ್ತೇ ಹೋಗು. ಅಪ್ಪನ ಹತ್ರ ಪಕ್ಕದ್ಮನೆ ಅಜ್ಜಿ ಕೂತಿರ್ತಾರೆ.

ಹೊಸ ಬೇಸ್ ಗಿಟಾರ್ ಆಸೆ ಬಿಡು, ಹಳೇದೇ ನೋಡು. ಬಣ್ಣಕ್ಕೆ ಮರುಳಾಗದೆ, ಗಿಟಾರಿನ ಕತ್ತು ಬಾಗಿಲ್ಲ ತಾನೇ ಅಂತ ಒಂದು ಕಣ್ಣು ಮುಚ್ಚಿ ನೋಡು. ಉಳಿದ ದುಡ್ಡೆಲ್ಲ ಸದ್ದು ದೊಡ್ಡದು ಮಾಡೋ ಆಂಪ್‌ಗೆ.

ನೀನು ಆರಿಸಿಟ್ಟಿರೋ ಆ ಅಂಗೈಯಗಲದ, ನಿನ್ನ ಕಿವಿಗೆ ಮಾತ್ರ ಕೇಳೋ ಹೆಡ್‌ಫೋನ್ ಆಂಪ್ ಬೇಡವೇ ಬೇಡ. ಅಪ್ಪನಿಗೆ ಗಲಾಟೆ ಆಗುತ್ತೆ ಅಂತೀಯಲ್ಲ, ಬಾಯ್ಲರ್ ಕಾರ್ಖಾನೆ ಸದ್ದು ಅವರನ್ನ ಕಿವುಡು ಮಾಡಿ ಎಷ್ಟು ಕಾಲ ಆಯ್ತೇ? ದೊಡ್ಡ ಸ್ಪೀಕರ್ ಇರೋದನ್ನೇ ತಾ. ತಂದವಳೇ ಅವರ ಮಂಚದ ಕಾಲಿಗೆ ತಾಗಿಸಿಟ್ಟು ದಪ್ಪ ತಂತಿ ಮೀಟು. ಅದರ ನಡುಕ ಬೆನ್ನಿಗೆ ಗೊತ್ತಾಗುತ್ತೆ.

"ಅವಳ ವಾದ್ಯ ಬಂತಾ?" ಅಂತ ಅಪ್ಪ ನಿನ್ನೆಯೂ ಕೇಳಿದ್ರು.

ಕಲಿತ ಮೇಲೆ ನುಡಿಸ್ತೀನಿ ಅನ್ನಬೇಡ. ಡಾಕ್ಟರ್ ಅಷ್ಟು ದಿನ ಕೊಟ್ಟಿಲ್ಲ.

ಅಕ್ಕ