ದಂಡನಾಯಕನ ಹೆಂಡತಿ ಬರುವ ಮೊದಲೇ

ಬಸವಕಲ್ಯಾಣ
೧೧ ಫೆಬ್ರುವರಿ ೨೦೨೫, ಮಂಗಳವಾರ

ಹುಮನಾಬಾದಿನಲ್ಲಿ ರಿಪೇರಿ ಅಂಗಡಿಯ ಶಟರ್ ಎತ್ತಿ, ಕಲ್ಯಾಣದಲ್ಲಿ ಮನೆಯ ಕದ ಎಳೆದುಕೊಂಡು ಹೋದ ಸಂಘಪಾಲ ಅವರಿಗೆ,

ಜೈ ಭೀಮ್. ಇದೊಂದನ್ನು ಸಿಟ್ಟಿಲ್ಲದೆ ಬರೆದಿದ್ದೇನೆ. ಇಲ್ಲಿಂದ ಮುಂದಿರುವುದೆಲ್ಲ ಸಿಟ್ಟೇ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀವು ನಡುವೆ ಬಾಯಿ ಹಾಕುತ್ತೀರಿ, ನನ್ನ ಮಾತಿನ ಓಟ ಕಡಿಯುತ್ತದೆ. ಕಾಗದದ ಮುಂದೆ ಪ್ರೇಕ್ಷಕ ಕುರ್ಚಿ ಬಿಟ್ಟು ಏಳಬಾರದು. ಕೂತು ಓದಿರಿ.

ನಿಮ್ಮ ಕಂಪ್ಯೂಟರ್ ನನ್ನ ಕತ್ತು ಕೊಯ್ದಿದೆ.

ಹೌದು, ನೀವು ಪಡಸಾಲೆಯಲ್ಲಿ ಬಿಟ್ಟುಹೋದ ಅದೇ ಪೆಟ್ಟಿಗೆ. ಮಾಳಿಗೆಯ ಮೇಲಿನ ಡಿಶ್‌ನ ತಂತಿಯನ್ನು ಅದರ ಬೆನ್ನಿಗೆ ಚುಚ್ಚಿ, ಎಲ್ಲ ಚಾನೆಲ್‌ಗಳ ವಾರದ ಕಾರ್ಯಕ್ರಮದ ಪಟ್ಟಿ ಪರದೆಯ ಮೇಲೆ ಮೂಡುವಂತೆ ಮಾಡಿ, ನನ್ನನ್ನು ಎದುರಿಗೆ ಕೂರಿಸಿ ಪಾಠ ಹೇಳಿದ್ದಿರಿ. “ನೋಡು ರತ್ನಾ, ಬೇಕಾದ ಕಾರ್ಯಕ್ರಮದ ಮ್ಯಾಲ ಒತ್ತು, ಕೆಂಪು ಚುಕ್ಕಿ ಬರ್ತದ. ಚುಕ್ಕಿ ಬಂತಂದ್ರ ನಿನ್ನ ಕೆಲಸ ಮುಗೀತು. ನೀ ಊರಾಗ ಇರು, ಬಿಡು, ಅದು ಟೈಮಿಗೆ ತಾನೇ ರೆಕಾರ್ಡ್ ಮಾಡ್ತದ.” ಎಂಥ ಅಭಯಹಸ್ತ. ಎಂಥ ವಚನಪಾಲನೆ.

ನೀವು ಹೋದ ಮೇಲೆ ಅದು ನನ್ನನ್ನು ಕಾಡಿದ್ದು ಒಂದೆರಡು ಸಲವಲ್ಲ. ದೀಪಾವಳಿಯ ಹೊತ್ತಿಗೆ ಪಟ್ಟಿ ಪೂರ್ತಿ ಖಾಲಿಯಾಯಿತು. ಚಾನೆಲ್‌ಗಳನ್ನು ಮತ್ತೆ ಹುಡುಕಿಸಿದೆ. ಪಟ್ಟಿ ಬಂತು, ಆದರೆ ಕನ್ನಡ ಚಾನೆಲ್ಲಿನ ಎದುರು ಮರಾಠಿ ಅಡುಗೆ, ವಾರ್ತೆಯ ಎದುರು ಕುಸ್ತಿ. ರಾಮನ ಮುಖಕ್ಕೆ ರಾವಣನ ಬಣ್ಣ ಬಳಿದ ಹಾಗೆ. ಒಂದೊಂದು ಚಾನೆಲ್ಲನ್ನು ಹಿಡಿದು ಅದರದೇ ಪಟ್ಟಿಗೆ ಗಂಟು ಹಾಕಿದೆ. ಇಪ್ಪತ್ತೆರಡು ಚಾನೆಲ್, ಮೂರು ದಿನ. ನಿಮಗೆ ಒಂದು ಫೋನ್ ಮಾಡಲಿಲ್ಲ. ರತ್ನಮಾಲಾ ಎಂದರೆ ಯಾರೆಂದುಕೊಂಡಿರಿ?

ಇಷ್ಟೆಲ್ಲ ಯಾತಕ್ಕೆ? ನಮ್ಮ ಕಂಪನಿಯ ನಾಟಕಕ್ಕಾಗಿ. ಮೂವತ್ತನಾಲ್ಕು ವರ್ಷದ ಹಿಂದೆ ಟೀವಿಯವರು ಕ್ಯಾಮರಾ ಹೊತ್ತು ಬಂದು ಹಿಡಿದುಕೊಂಡು ಹೋದರಲ್ಲ, ಅದು. ಮೈಕಿನ ಸೆಟ್ಟಿನ ಹಿಂದೆ ಕೂತಿದ್ದವರು ನೀವೇ, ಮರೆತಿರಲಾರಿರಿ. ನಾನು ಬಣ್ಣ ಹಚ್ಚಿದ ಹದಿನೆಂಟು ವರ್ಷಗಳಲ್ಲಿ ಉಳಿದಿರುವ ಸಾಕ್ಷಿ ಅದೊಂದೇ. ಈಗ ಟೀವಿಯವರೇ ಅದನ್ನು ತಮ್ಮ ಹಳೆಯ ಪೆಟ್ಟಿಗೆಯಿಂದ ತೆಗೆದು ಭಾನುವಾರ ನಾಲ್ಕರಿಂದ ಐದರವರೆಗೆ ಒಮ್ಮೆ ತೋರಿಸುತ್ತೇವೆ ಎಂದರು. ಒಮ್ಮೆ ಮಾತ್ರ.

ನನಗೆ ಬೇಡವಾಗಿತ್ತು. ನನ್ನ ಮುಖ ನನಗೆ ಗೊತ್ತು. ಬೇಕಾಗಿದ್ದದ್ದು ನಮ್ಮ ಅವ್ವನಿಗೆ. ಅವ್ವ ಸೋನುಬಾಯಿ ನಮ್ಮ ಕಂಪನಿಯಲ್ಲಿ ಪಕ್ಕದ ಪರದೆಯ ಹಿಂದೆ ಹಾರ್ಮೋನಿಯಂ ಹಿಡಿದು ಕೂತವಳು. ದಂಡನಾಯಕನ ಹೆಂಡತಿ ದರ್ಬಾರಿಗೆ ನುಗ್ಗಿ, ಸತ್ತ ಗಂಡನ ಕತ್ತಿಯನ್ನು ರಾಜನ ಕಾಲಬುಡಕ್ಕೆ ಎಸೆಯುವ ಪ್ರವೇಶವನ್ನು ನನಗೆ ಕಲಿಸಿದವಳು ಅವಳೇ. ಆದರೆ ಆಟದ ದಿನ ಅವಳು ಕಂಡದ್ದು ನನ್ನ ಬೆನ್ನು ಮಾತ್ರ. ಊರೂರೇ ನನ್ನ ಮುಖ ನೋಡಿ ಅತ್ತಿತು, ಹೆತ್ತವಳಿಗೆ ಬೆನ್ನು. ಈಗ ಅವಳ ಎಡಗಣ್ಣು ಪೂರ್ತಿ ಪರದೆ ಇಳಿಸಿದೆ. ಬಲಗಣ್ಣಿಗೆ ಶನಿವಾರ ಆಪರೇಶನ್ ಆಯಿತು. ಆ ಕಣ್ಣೂ ಒಂದು ವರ್ಷದಾಚೆ ಉಳಿದೀತೆಂದು ಮಾತು ಕೊಡುವುದಿಲ್ಲ ಎಂದರು ಡಾಕ್ಟರು. ಬ್ಯಾಂಡೇಜ್ ಬಿಚ್ಚುವುದು ಸೋಮವಾರ, ನಾಟಕ ಭಾನುವಾರ. “ಬರೇ ಕೇಳ್ತೀ ಏನವ್ವಾ?” ಎಂದರೆ, “ಕಿವಿಲಿಂದ ಭಾಳ ವರ್ಷ ಕೇಳೀನಿ. ರೆಕಾರ್ಡ್ ಮಾಡಿಡು, ಕಣ್ಣು ಬಿಟ್ಟ ಕೂಡಲೇ ಅದೇ ಮೊದಲು ನೋಡ್ತೀನಿ” ಎಂದಳು.

ಅದಕ್ಕೇ ನಿಮ್ಮ ಕೆಂಪು ಚುಕ್ಕೆಯನ್ನು ನಂಬಿದೆ. ಭಾನುವಾರ ನಾನು ಮನೆಯಲ್ಲಿರಲಿಲ್ಲ. ಹುಲಸೂರಿನಲ್ಲಿ ನೆಂಟರ ಮಗುವಿನ ತೊಟ್ಟಿಲು, ತಪ್ಪಿಸುವಂತಿರಲಿಲ್ಲ. ಅವ್ವನನ್ನು ಪಕ್ಕದ ಮನೆಯ ಅರ್ಷಿಯಾ ಟೀಚರ್ ಹತ್ತಿರ ಬಿಟ್ಟು, ಚುಕ್ಕೆ ಇದೆಯೋ ಇಲ್ಲವೋ ಎಂದು ಮೂರು ಸಲ ನೋಡಿ, ಮಧ್ಯಾಹ್ನವೇ ಬಸ್ಸು ಹತ್ತಿದೆ.

ಸೋಮವಾರ. ಪಡಸಾಲೆ ತುಂಬ ಓಣಿಯ ಹೆಂಗಸರು. ನಡುವೆ ಕಪ್ಪು ಕನ್ನಡಕ ಹಾಕಿಕೊಂಡ ಅವ್ವ, ಹೊಸ ಸೀರೆಯಲ್ಲಿ, ಮಹಾರಾಣಿಯ ಹಾಗೆ. ನಾನು ಗುಂಡಿ ಒತ್ತಿದೆ. ಬಂದದ್ದೇನು? ತೊಗರಿಯ ಕಾಯಿಕೊರಕ ಹುಳುವಿನ ಹತೋಟಿ. ಕೃಷಿ ಪಂಡಿತರೊಬ್ಬರು ಹುಳುವನ್ನು ಅಂಗೈ ಮೇಲಿಟ್ಟುಕೊಂಡು ಅರ್ಧ ತಾಸು ಅದರ ಗುಣಗಾನ ಮಾಡಿದರು. ಅವ್ವ ಬಹಳ ತಾಳ್ಮೆಯಿಂದ ನೋಡಿ ಕೇಳಿದಳು: “ರತ್ನೀ, ನಿನ್ನ ನಾಟಕದಾಗ ತೊಗರಿ ಯಾರು ಬಿತ್ತಿದ್ರವ್ವಾ?” ಓಣಿಯೆಲ್ಲ ನಕ್ಕಿತು. ನಾನೂ ನಕ್ಕೆ, ಹಲ್ಲು ಕಚ್ಚಿಕೊಂಡು.

ಆಮೇಲೆ ಪರದೆ ಎದ್ದಿತು. ಅವ್ವನ ಹಾರ್ಮೋನಿಯಂ ಕೇಳಿತು, ಅವಳ ಬೆರಳುಗಳು ತೊಡೆಯ ಮೇಲೆ ಓಡತೊಡಗಿದವು. ರಾಜ ಬಂದ, ಮಂತ್ರಿ ಬಂದ, ಹಾಸ್ಯಗಾರ ಬಂದು ಹೋದ. ಕೊನೆಗೆ ದೂತ ಓಡಿ ಬಂದು ಮೊಣಕಾಲೂರಿದ: “ಪ್ರಭು, ಹೆಬ್ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ನಿಂತಿದ್ದಾಳೆ.” ರಾಜ ಆ ಕಡೆ ತಿರುಗಿದ. ಅವ್ವ ಮುಂದಕ್ಕೆ ಬಾಗಿದಳು. ನನ್ನ ಗೆಜ್ಜೆಯ ಮೊದಲ ಸದ್ದು ಕೇಳಿತು ನೋಡಿ,

ಕತ್ತಲೆ. ರೆಕಾರ್ಡಿಂಗ್ ಮುಗಿಯಿತಂತೆ.

ಅವ್ವ ಕನ್ನಡಕ ಸರಿಮಾಡಿಕೊಂಡು, “ಇರಲಿ ಬಿಡು. ಬೆನ್ನು ನೋಡೇ ರೂಢಿ ಆಗಿತ್ತು. ಇವತ್ತು ಬೆನ್ನು ಭೀ ಸಿಗಲಿಲ್ಲ” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಟೀವಿಯವರಿಗೆ ಫೋನ್ ಹಚ್ಚಿ ಗುಡುಗಿದೆ. ಮತ್ತೆ ತೋರಿಸುವುದಿಲ್ಲ ಎಂದು ಫೋನ್ ಇಟ್ಟರು.

ಈಗ ದರ್ಬಾರಿನಲ್ಲಿ ಆರೋಪಿಯಾಗಿ ನಿಲ್ಲಿರಿ. ಇದನ್ನು ನೀವು ಬೇಕೆಂದೇ ಕೆಡಿಸಿ ಹೋಗಿದ್ದೀರಿ. ಹದಿನಾಲ್ಕು ತಿಂಗಳ ಹಿಂದಿನ ಸೇಡು ಇದು. ಏನಾಗಿತ್ತು ಅಂದು? ಒಂದು ಗಡಿಯಾರದ ಜಗಳ. ನಮ್ಮಪ್ಪ ಬಣ್ಣದ ಕೋಣೆಯಲ್ಲಿ ಗಡಿಯಾರವನ್ನು ಅರ್ಧ ತಾಸು ಮುಂದಿಡುತ್ತಿದ್ದ. ಆಟ ಶುರುವಾಗುವ ಮೂರನೆಯ ಗಂಟೆ ಹೊಡೆಯುವಾಗ ಯಾವ ನಟನ ಮೀಸೆಯೂ ಅಂಟದೆ ಉಳಿಯಬಾರದೆಂದು. ಕಂಪನಿ ಮುಚ್ಚಿದ ಮೇಲೆ ಆ ಗಡಿಯಾರ ನಮ್ಮ ಗೋಡೆಗೆ ಬಂತು, ಅರ್ಧ ತಾಸಿನ ಸಮೇತ. ನಾನು ಅದನ್ನು ಹಿಂದಿಡಲಿಲ್ಲ. ಅದು ನೋಡಿ ನೀವು ಬೀದರಿನ ರೈಲಿಗೆ ಬಹಳ ಮೊದಲೇ ಹೋಗಿ ಕೂತಿರಂತೆ. ಅದಕ್ಕೆ ನೆಂಟರ ಮುಂದೆ ನೀವಂದದ್ದು ನನ್ನ ಎದೆಯಲ್ಲಿ ಇನ್ನೂ ನೆಟ್ಟಿದೆ: “ಈ ಮನ್ಯಾಗ ಗಡಿಯಾರ ಭೀ ನಾಟಕ ಮಾಡ್ತದ. ಖರೇ ಟೈಮ್ ಬೇಕಂದ್ರ ನನ್ನ ಕಂಪ್ಯೂಟರ್ ನೋಡ್ಬೇಕು.” ನಾನು, ಅಷ್ಟು ಚಲೋ ಇದ್ರ ಅದರ ಸಂಗಟ ಸಂಸಾರ ಮಾಡ್ರಿ ಎಂದೆ. ನೀವು ಚೀಲ ತಗೊಂಡಿರಿ. ಕಂಪ್ಯೂಟರ್ ಇಲ್ಲೇ ಉಳಿಯಿತು. ಲೆಕ್ಕ ತಪ್ಪಿದ ಸಂಸಾರ.

ಅರ್ಷಿಯಾ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುವವಳು. ಸೋಮವಾರ ಸಂಜೆ ಪರದೆಯ ಮೂಲೆ ನೋಡಿ ಏನೋ ಹೇಳಲು ಬಂದಳು. “ಮೊದಲ ಚಹಾ ಕುಡೀವಾ” ಎಂದು ಒಳಗೆ ಕರೆದೊಯ್ದೆ.

ಆಕೆ ಏನೇ ಹೇಳಲಿ, ಕಟ್ಟಿದವರು ನೀವು, ಉತ್ತರ ನಿಮ್ಮದು. ಪಾತ್ರ ಮುಗಿಯುವ ಮೊದಲೇ ಪರದೆ ಎಳೆದು ಹೋಗುವುದು ನಿಮಗೆ ಹೊಸದಲ್ಲ. ಬರುವ ಭಾನುವಾರದೊಳಗೆ ಬಂದು ಈ ಪೆಟ್ಟಿಗೆಯನ್ನು ರಿಪೇರಿ ಮಾಡಿರಿ, ಇಲ್ಲವೇ ತಲೆಯ ಮೇಲೆ ಹೊತ್ತು ಹುಮನಾಬಾದಿಗೆ ಒಯ್ಯಿರಿ. ಮೂರನೆಯ ದಾರಿಯಿಲ್ಲ.

ಸಿಟ್ಟು ಇನ್ನೂ ಉಳಿದಿರುವ,
ರತ್ನಮಾಲಾ

ತಾ.ಕ.: ಕಂಪ್ಯೂಟರಿನ ಗಡಿಯಾರ ಅರ್ಧ ತಾಸು ಮುಂದಿತ್ತು. ಅದಕ್ಕೇ ಅದು ಮೂರೂವರೆಗೆ ಎದ್ದು ನಾಲ್ಕೂವರೆಗೆ ಮಲಗಿದೆ. ಮುಂದಿಟ್ಟವಳು ನಾನು, ನೀವು ಹೋದ ಮರುದಿನವೇ. ಅದು ಪರದೆಯ ಮೂಲೆಯಲ್ಲಿ ನಿಮ್ಮ ದನಿಯಲ್ಲೇ ಟೈಮ್ ಹೇಳಿದ ಹಾಗಿತ್ತು, ಸಹಿಸಲಾಗಲಿಲ್ಲ. ತಾನೇ ಸರಿಯಾಗದಂತೆಯೂ ಮಾಡಿದ್ದೆ. ಈಗ ಅದನ್ನು ಖರೇ ಟೈಮಿಗೆ ತಂದಿದ್ದೇನೆ. ಅಪ್ಪನ ಗಡಿಯಾರಕ್ಕೆ ಕೈ ಹಚ್ಚಿಲ್ಲ.

ಹುಲಸೂರಿನಲ್ಲಿ ತೊಟ್ಟಿಲೂ ಇರಲಿಲ್ಲ. ಭಾನುವಾರ ನಾಲ್ಕೂವರೆಗೆ ನಾನು ನಿಮ್ಮ ಅಂಗಡಿಯ ಎದುರಿಗಿದ್ದೆ. ಕೂಡಿ ನೋಡೋಣ ಬರ್ರಿ ಎಂದು ಕರೆಯಲು ಬಂದಿದ್ದೆ, ಬಸ್ಸು ತಡವಾಯಿತು. ಶಟರ್ ಅರ್ಧ ಇಳಿದಿತ್ತು. ಒಳಗಿಂದ ನನ್ನದೇ ಮೂವತ್ತನಾಲ್ಕು ವರ್ಷದ ಹಿಂದಿನ ದನಿ ರಸ್ತೆಗೆ ಬರುತ್ತಿತ್ತು. ಬಗ್ಗಿ ನೋಡಿದೆ. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು, ನೀವು ನನ್ನ ಮಾತನ್ನೆಲ್ಲ ನನ್ನ ಜೊತೆಗೇ ಹೇಳುತ್ತಿದ್ದಿರಿ, ಒಂದಕ್ಷರ ತಪ್ಪದೆ. ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ ಉರಿಯುತ್ತಿತ್ತು. ಒಳಗೆ ಬರದೆ ತಿರುಗಿ ಬಸ್ಸು ಹತ್ತಿದೆ. ನನಗೆ ಗೆಜ್ಜೆಯೂ ಇರಲಿಲ್ಲ, ನಿಮಗೆ ದೂತನೂ ಇರಲಿಲ್ಲ.

ಆ ರೆಕಾರ್ಡಿಂಗ್ ಅವ್ವನಿಗೆ ತನ್ನಿರಿ. ಭಾನುವಾರ ನಾಲ್ಕಕ್ಕೆ ಬಂದರೆ ಸಾಕು. ನಾನು ನಮ್ಮಪ್ಪನ ಗಡಿಯಾರ ನೋಡುವವಳು, ಮೂರೂವರೆಗೇ ಬಾಗಿಲಲ್ಲಿ ನಿಂತಿರುತ್ತೇನೆ.